ಹಗಲು ನಿದ್ದೆಯ ಬಿಳಿ ಗೆರೆ

ತನಿಯಪ್ಪಣ್ಣ ಮಲಗಿದ್ದಾರೋ ಎದ್ದಿದ್ದಾರೋ ಎಂಬುದನ್ನು ಆ ಮನೆಯಲ್ಲಿ ಅವರ ಬೂಟುಗಳು ಹೇಳುತ್ತಿದ್ದವು. ಟ್ಯಾಂಪಿನೀಸ್‌ನ ಹನ್ನೊಂದನೇ ಮಹಡಿಯ ಆ ಫ್ಲ್ಯಾಟಿನ ಬಾಗಿಲ ಹೊರಗೆ ಕೆಲಸದ ದಪ್ಪ ಬೂಟುಗಳ ಮೂತಿ ಗೋಡೆಯ ಕಡೆಗಿದ್ದರೆ ಅವರು ನಿದ್ದೆಯಲ್ಲಿದ್ದಾರೆ ಎಂದರ್ಥ. ಲಿಫ್ಟಿನ ಕಡೆ ತಿರುಗಿದ್ದರೆ ಎದ್ದಿದ್ದಾರೆ. ಗೋಡೆ ನೋಡುವ ಬೂಟು ಕಂಡವರು ಒಳಗೆ ಹೋಗಿ ಮಾತಾಡಕೂಡದು. ಕುಕ್ಕರ್ ಕೂಗಕೂಡದು, ಮಿಕ್ಸಿ ತಿರುಗಕೂಡದು, ಕುರ್ಚಿಯನ್ನು ಎಳೆಯದೆ ಎತ್ತಿ ಇಡಬೇಕು. ಈ ನಿಯಮ ಮಾಡಿದವರು ಅವರ ಹೆಂಡತಿ ವಿನೋದಕ್ಕ. ಅದನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸುತ್ತಿದ್ದವಳು ಮೂರನೇ ತರಗತಿಯ ಮಗಳು ಯಶ್ಮಿತಾ.

ನಾನು ಆ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಕೊಳ್ಳೇಗಾಲದ ಕಡೆಯ ಹಳ್ಳಿಯವಳು. ನಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಸಂಖ್ಯಾಶಾಸ್ತ್ರ ಓದಿ, ದೇಶ ಬಿಟ್ಟು ಈ ದ್ವೀಪನಗರಕ್ಕೆ ಬಂದು ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಊರಿನಲ್ಲಿ ನಾವು ರೇಷ್ಮೆ ಸಾಕುತ್ತಿದ್ದೆವು. ಹುಳುಗಳು ಪೊರೆ ಬಿಡುವ ಮೊದಲು ತಲೆಯೆತ್ತಿಕೊಂಡು ನಿದ್ದೆಗೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ, ಮನೆಯವರೆಲ್ಲರ ದನಿ ತಾನಾಗಿಯೇ ತಗ್ಗುತ್ತದೆ. ಹಾಗಾಗಿ ಟ್ಯಾಂಪಿನೀಸ್ ಮನೆಯ ಹಗಲಿನ ಮೌನ ನನಗೆ ಹೊಸದೆನಿಸಲಿಲ್ಲ.

ತನಿಯಪ್ಪಣ್ಣ ಉಡುಪಿ ಹತ್ತಿರದ ಕಾಪು ಕಡೆಯವರು. ಗಂಡ ಹೆಂಡತಿ ತಮ್ಮೊಳಗೆ ತುಳು ಮಾತಾಡುತ್ತಿದ್ದರು, ನನ್ನ ಜೊತೆ ಕನ್ನಡ. ಅವರ ಕೆಲಸ ಸೆಲೆಟಾರ್‌ನಲ್ಲಿ, ವಿಮಾನದ ಎಂಜಿನ್‌ಗಳನ್ನು ಬಿಚ್ಚಿ ದುರಸ್ತಿ ಮಾಡುವ ಕಾರ್ಖಾನೆಯಲ್ಲಿ. ಎಂಜಿನ್ನಿನೊಳಗಿನ ಲೋಹದ ಎಲೆಗಳಲ್ಲಿ, ಎಂದರೆ ಬ್ಲೇಡುಗಳಲ್ಲಿ, ಬಿರುಕಿದೆಯೇ ಎಂದು ನೋಡುವುದು ಅವರ ಪಾಲಿನ ಕೆಲಸ. ಎಲೆಗೆ ಒಂದು ಬಣ್ಣ ಬಳಿದು, ತೊಳೆದು, ಕತ್ತಲೆ ಕೋಣೆಯಲ್ಲಿ ನೇರಳೆ ದೀಪದ ಕೆಳಗೆ ಹಿಡಿಯುತ್ತಾರೆ. ಬಿರುಕು ಇದ್ದರೆ ಅದರೊಳಗೆ ಉಳಿದ ಬಣ್ಣ ಹಸಿರು ಎಳೆಯಾಗಿ ಹೊಳೆಯುತ್ತದೆ. "ಕೂದಲಿನಷ್ಟು ಸಪೂರ," ಎನ್ನುತ್ತಿದ್ದರು. "ಒಳಗೆ ಹೋದ ಕೂಡಲೇ ಕಾಣೂದಿಲ್ಲ. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಸುಮ್ಮನೆ ಕೂತ್ಕೊಳ್ಬೇಕು. ಆಮೇಲೆ ಅದೇ ಬಂದು ಕಾಣ್ತದೆ."

ಕೆಲವು ವಾರ ಹಗಲು ಪಾಳಿ, ಕೆಲವು ವಾರ ರಾತ್ರಿ ಪಾಳಿ. ಹೀಗೆ ವರ್ಷಗಟ್ಟಲೆ ಹಗಲು ರಾತ್ರಿ ಅದಲುಬದಲಾಗಿ, ಅವರು ಯಾವಾಗಲೂ ಈಗಷ್ಟೇ ಎದ್ದವರಂತೆಯೋ ಇನ್ನೇನು ಮಲಗಲಿರುವವರಂತೆಯೋ ಕಾಣುತ್ತಿದ್ದರು. ಮಾತಾಡುತ್ತಾ ಮಾತಾಡುತ್ತಾ ಒಮ್ಮೊಮ್ಮೆ ನಿಲ್ಲಿಸಿ, ಎದುರಿನ ಬ್ಲಾಕಿನಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡುತ್ತಾ ಉಳಿದುಬಿಡುವರು.

ಒಂದು ಸಂಜೆ ನಮ್ಮ ಕಟ್ಟಡದ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ನನಗೆ ಒಂದು ಕನಸು ಹೇಳಿದರು. ರಾತ್ರಿ ಪಾಳಿಯ ವಾರಗಳಲ್ಲಿ ಮಾತ್ರ ಬೀಳುವ ಕನಸು.

"ಎಂತ ಅಂದ್ರೆ ವರ್ಷಾ, ಎಲ್ಲ ನೀಲಿ. ನೀರಿನ ಅಡಿಯಲ್ಲಿ ಇದ್ದ ಹಾಗೆ. ಫ್ಯಾನ್ ತಿರುಗ್ತಾ ಇರ್ತದೆ, ಶಬ್ದ ಇಲ್ಲ. ಒಂದು ಸಣ್ಣ ಹುಡುಗಿ ಬೆನ್ನು ಹಾಕಿ ಕೂತು ಊಟ ಮಾಡ್ತಾ ಇರ್ತಾಳೆ. ಕಾಲು ನೆಲಕ್ಕೆ ಎಟಕೂದಿಲ್ಲ, ಆಡಿಸ್ತಾ ಇರ್ತಾಳೆ. ಒಂದು ಸಾಕ್ಸ್ ಜಾರಿರ್ತದೆ. ನಾನು ಕರೀಬೇಕು ಅಂತ ನೋಡ್ತೇನೆ, ಸ್ವರ ಬರೂದಿಲ್ಲ."

"ಯಾರು ಅವಳು?"

"ಮುಖ ಕಾಣೂದಿಲ್ಲಲ್ಲ. ಒಮ್ಮೊಮ್ಮೆ ನನ್ನ ಅಕ್ಕ ಇರಬೇಕು ಅನ್ನಿಸ್ತದೆ, ಸಣ್ಣವಳಿರುವಾಗ. ಭಯ ಏನಿಲ್ಲ. ಚಂದ ಇರ್ತದೆ. ಎದ್ದ ಮೇಲೆ ಮಾತ್ರ ಎದೆ ಸ್ವಲ್ಪ ಭಾರ."

ಅದೇ ಸಂಜೆ ಇನ್ನೊಂದು ವಿಷಯವನ್ನೂ ಹೇಳಿದರು. ಕಾರ್ಖಾನೆಯಲ್ಲಿ ರಾತ್ರಿ ತಂಡಕ್ಕೆ ಕಾಯಂ ಮುಖ್ಯಸ್ಥನನ್ನು ಹುಡುಕುತ್ತಿದ್ದರು. ಸೂಪರ್‌ವೈಸರ್ ಮೊದಲು ಇವರನ್ನೇ ಕೇಳಿದ್ದ. ಒಪ್ಪಿದರೆ ಮೂರು ವರ್ಷ ಬರೀ ರಾತ್ರಿ. ಆ ನೇರಳೆ ಕೋಣೆ ಅವರದೇ ಸುಪರ್ದಿಗೆ ಬರುತ್ತಿತ್ತು. ತಿಂಗಳ ಕೊನೆಯ ಸೋಮವಾರ ಉತ್ತರ ಕೊಡಬೇಕಿತ್ತು. ತನಿಯಪ್ಪಣ್ಣನಿಗೆ ಆಸೆ ಇತ್ತು. ಪಾಳಿ ಅದಲುಬದಲಾಗುವುದಾದರೂ ತಪ್ಪುತ್ತದೆ, ದೇಹ ಒಂದಕ್ಕೆ ಹೊಂದಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ವಿನೋದಕ್ಕನಿಗೆ ಸುತರಾಂ ಇಷ್ಟವಿರಲಿಲ್ಲ.

"ಈಗಲೇ ಮನೆಯಲ್ಲಿ ಅರ್ಧ ಮನುಷ್ಯ ಇದ್ದೀರಿ," ಎಂದರು ಆ ರಾತ್ರಿ ಊಟಕ್ಕೆ ಬಡಿಸುತ್ತಾ. "ಇನ್ನು ಮೂರು ವರ್ಷ ಬೂಟು ನೋಡ್ಕೊಂಡು ಸಂಸಾರ ಮಾಡ್ಬೇಕಾ ನಾನು?"

"ನಿದ್ದೆ ಸರಿಯಾದ್ರೆ ಪೂರ್ತಿ ಮನುಷ್ಯ ಆಗ್ತೇನೆ ಮಾರಾಯ್ತಿ."

"ಸರಿಯಾಗ್ತದೆ ಅಂತ ಯಾರು ಹೇಳಿದ್ದು?"

ತನಿಯಪ್ಪಣ್ಣ ನನ್ನ ಕಡೆ ನೋಡಿದರು.

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ಒಂದು ಗುಂಪು ಸೇರುತ್ತಿತ್ತು. ಅಂಕಿಅಂಶಗಳಿಂದ ಚಿತ್ರ ಬಿಡಿಸುವುದನ್ನೂ ಅದಕ್ಕೆ ಬೇಕಾದ ಪ್ರೋಗ್ರಾಮ್ ಬರೆಯುವುದನ್ನೂ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಗುಂಪು. ಪರೀಕ್ಷೆ ಇಲ್ಲ, ಮೇಷ್ಟ್ರಿಲ್ಲ. ವಿದ್ಯಾರ್ಥಿಯಾಗಿರಬೇಕೆಂದೂ ಇಲ್ಲ, ತನ್ನದೇ ಒಂದು ಪ್ರಶ್ನೆ ತಂದರೆ ಸಾಕು. ನಡೆಸುತ್ತಿದ್ದವಳು ಹುಯಿ ಶಾನ್ ಎಂಬ ಪಿಎಚ್‌ಡಿ ವಿದ್ಯಾರ್ಥಿನಿ. ಇಲ್ಲಿನ ಕಾಲುವೆಗಳಲ್ಲಿ ಓಡಾಡುವ ನೀರುನಾಯಿಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದಳು. ಗುಂಪಿಗೆ ಅವಳು ಮಾಡಿದ ಒಂದೇ ಕಟ್ಟಳೆ: ಕಂಪ್ಯೂಟರ್ ಮುಟ್ಟುವ ಮೊದಲು, ಯಾವ ಚಿತ್ರ ಬರುತ್ತದೆಂದು ನೀನು ನಂಬಿದ್ದೀಯೋ ಅದನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿ ಗೋಡೆಗೆ ಅಂಟಿಸಬೇಕು. ಆಮೇಲೆ ನಿಜವಾದ ಚಿತ್ರವನ್ನು ಅದರ ಪಕ್ಕದಲ್ಲಿ. ಎರಡೂ ಹೊಂದದಿದ್ದರೆ ಯಾರೂ ನಾಚಬೇಕಿಲ್ಲ, ಆ ಅಂತರವನ್ನು ನೋಡುವುದಕ್ಕೇ ಎಲ್ಲರೂ ಬರುವುದು.

ತನಿಯಪ್ಪಣ್ಣನ ಕೈಗಡಿಯಾರ ನಿದ್ದೆಯನ್ನು ಅಳೆಯುತ್ತಿತ್ತು. ನಾನು ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಎಂಆರ್‌ಟಿ ರೈಲಿನಲ್ಲಿ ಪೂರ್ವದ ತುದಿಯಿಂದ ಪಶ್ಚಿಮಕ್ಕೆ ಹೋಗುವಷ್ಟೂ ಹೊತ್ತು ಅವರು ಇಸ್ತ್ರಿ ಮಾಡಿದ ಶರ್ಟಿನಲ್ಲಿ ನೇರವಾಗಿ ಕೂತಿದ್ದರು. ಗ್ರಂಥಾಲಯದ ಕೋಣೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ. ಹುಯಿ ಶಾನ್ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, "ಅಂಕಲ್, ನಿಮ್ಮ ನಿದ್ದೆ ಹೇಗೆ ಕಾಣುತ್ತೆ, ಬಿಡಿಸಿ," ಎಂದಳು.

ಅವರು ತುಂಬ ಹೊತ್ತು ಯೋಚಿಸಿ, ಹಾಳೆಯ ನಡುವೆ ಒಂದು ಆಯತ ಬರೆದು, ಒಳಗೆಲ್ಲ ಪೆನ್ಸಿಲ್ ತಿಕ್ಕಿ ಕಪ್ಪು ಮಾಡಿದರು. ಇಟ್ಟಿಗೆಯ ಹಾಗಿತ್ತು.

"ಇದೇನು?"

"ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವ ನಿದ್ದೆ. ಬಿದ್ದರೆ ಕಲ್ಲು. ನಡುವೆ ಎಚ್ಚರವೇ ಇಲ್ಲ."

ಆ ಇಟ್ಟಿಗೆಯನ್ನು ಗೋಡೆಗೆ ಅಂಟಿಸಿದೆವು.

ಆ ವಾರವೆಲ್ಲ ಮನೆಯಲ್ಲಿ ಅವರು ನನ್ನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತರು. ಗಡಿಯಾರದ ಆ್ಯಪ್ ನೋಡಿ, ಪ್ರತಿ ದಿನ ಮಲಗಿದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟು ಗಂಟೆಗೆ ಎಂದು ಒಂದೊಂದಾಗಿ ಟೈಪ್ ಮಾಡಿದರು. ಎದ್ದ ಹೊತ್ತಿನಿಂದ ಮಲಗಿದ ಹೊತ್ತನ್ನು ಕಳೆಯುವ ಪ್ರೋಗ್ರಾಮಿನ ಒಂದು ಸಾಲನ್ನು ನಾನು ತೋರಿಸಿಕೊಟ್ಟಿದ್ದೆ. ಶುಕ್ರವಾರ ರಾತ್ರಿ ನಾನು ಬರುವಷ್ಟರಲ್ಲಿ ಊಟದ ಮೇಜಿನ ಬಳಿ ತೀರ್ಪು ಬಂದಾಗಿತ್ತು.

"ಕಂಪ್ಯೂಟರ್ ಹೇಳಿತು," ಎಂದರು ವಿನೋದಕ್ಕನಿಗೆ. "ನೈಟ್ ಶಿಫ್ಟಲ್ಲಿ ನಿದ್ದೆ ಒಳ್ಳೇದುಂಟು. ಡೇ ಶಿಫ್ಟಲ್ಲೇ ನಾನು ಹಾಳಾಗ್ತಾ ಇರೂದು. ಸೋಮವಾರ ಹೂಂ ಅಂತೇನೆ."

ವಿನೋದಕ್ಕ ಮೀನಿನ ಪಾತ್ರೆಯ ಮುಚ್ಚಳವನ್ನು ಮುಚ್ಚಿದ ಸದ್ದು ಸ್ವಲ್ಪ ಜೋರಾಗಿತ್ತು. ಲೆಕ್ಕ ತೋರಿಸಿ ಎಂದು ನಾನು ಕೇಳಿದ್ದಕ್ಕೆ, "ನಾಳೆ ಎಲ್ಲರೆದುರೇ ತೋರಿಸ್ತೇನೆ," ಎಂದು ಮಲಗಲು ಹೋದರು.

ಮಾರನೇ ದಿನ ಅವರ ಚಿತ್ರ ಪರದೆಯ ಮೇಲೆ ಬಂತು. ಒಂದೊಂದು ದಿನಕ್ಕೆ ಒಂದೊಂದು ಅಡ್ಡಸಾಲು. ಎಡತುದಿಯಲ್ಲಿ ನಡುರಾತ್ರಿ, ಮಧ್ಯದಲ್ಲಿ ನಡುಹಗಲು, ಬಲತುದಿಯಲ್ಲಿ ಮತ್ತೆ ನಡುರಾತ್ರಿ. ನಿದ್ದೆ ಇದ್ದಲ್ಲಿ ನೀಲಿ ಪಟ್ಟಿ. ರಾತ್ರಿ ಪಾಳಿಯ ವಾರಗಳಲ್ಲಿ ಪಟ್ಟಿಗಳು ಹಗಲಿನಲ್ಲಿ ಕಂಡವು, ಸರಿಯಾಗಿಯೇ. ಆದರೆ ಹಗಲು ಪಾಳಿಯ ವಾರಗಳಲ್ಲಿ ನೀಲಿ ಪಟ್ಟಿ ಮುಂಜಾನೆ ಶುರುವಾಗಿ, ಮಧ್ಯಾಹ್ನ ದಾಟಿ, ಸಂಜೆ ದಾಟಿ, ರಾತ್ರಿಯವರೆಗೆ ಹಾಸಿಕೊಂಡಿತ್ತು. ಪರದೆ ತುಂಬ ಸಮುದ್ರ.

ಕೋಣೆಯಲ್ಲಿ ನಗು ಎದ್ದಿತು. "ಅಂಕಲ್, ನೀವು ಕೆಲಸಕ್ಕೆ ಹೋಗಿದ್ರಾ ಇಲ್ವಾ?" ಎಂದಳು ಹುಯಿ ಶಾನ್. "ಇಡೀ ದಿನ ಮಲಗಿದ್ದೀರಲ್ಲಾ."

ತನಿಯಪ್ಪಣ್ಣ ನಗಲಿಲ್ಲ. ಆ ನೀಲಿಯನ್ನು ನೋಡುತ್ತಾ ನಿಂತರು. "ಹಾಗೇ ಅನ್ನಿಸ್ತದೆ ನನಗೆ," ಎಂದು ಕನ್ನಡದಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದರು. "ಹಗಲು ಓಡಾಡುವಾಗ ನಿದ್ದೆಯಲ್ಲೇ ಇದ್ದ ಹಾಗೆ. ಇದಕ್ಕೆ ಹೇಗೆ ಗೊತ್ತಾಯ್ತು?"

ಹುಯಿ ಶಾನ್ ಲೆಕ್ಕದ ಸಾಲುಗಳನ್ನು ತೆರೆದಳು. ಹಗಲು ಪಾಳಿಯ ದಿನಗಳ ನಿದ್ದೆಯ ಎದುರಿಗೆಲ್ಲ ಮೈನಸ್ ಚಿಹ್ನೆ ಇತ್ತು.

"ಈ ಮೈನಸ್ ನೋಡಿ ಏನಂದುಕೊಂಡಿರಿ ಅಂಕಲ್?"

"ಬಾಕಿ," ಎಂದರು. "ಶರೀರಕ್ಕೆ ಕೊಡಬೇಕಾದ ನಿದ್ದೆ ಅಷ್ಟು ಬಾಕಿ ಉಂಟು ಅಂತ."

ಈ ಸಲ ಯಾರೂ ನಗಲಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಏಳುವವನ ನಿದ್ದೆ ನಡುರಾತ್ರಿಯನ್ನು ದಾಟುತ್ತದೆ. ಅವರು ಗಂಟೆಗಳನ್ನು ಬರೆದಿದ್ದರು, ದಿನಾಂಕ ಬರೆದಿರಲಿಲ್ಲ. ಬೆಳಗಿನ ಐದೂವರೆ ಮಾರನೇ ದಿನದ್ದು ಎಂದು ಕಂಪ್ಯೂಟರಿಗೆ ತಿಳಿಯುವ ದಾರಿಯಿರಲಿಲ್ಲ. ಅದು ಹಿಮ್ಮುಖವಾಗಿ ಕಳೆದು, ಎಚ್ಚರವಿದ್ದ ಹೊತ್ತನ್ನೇ ನಿದ್ದೆ ಎಂದು ಬಳಿದಿತ್ತು. ಈ ತಪ್ಪನ್ನು ನೀರುನಾಯಿಗಳ ಲೆಕ್ಕದಲ್ಲಿ ತಾನೂ ಮಾಡಿದ್ದೆ ಎಂದಳು ಹುಯಿ ಶಾನ್. ಅವುಗಳಲ್ಲಿ ಒಂದು ಹುಟ್ಟುವುದಕ್ಕೆ ಮೊದಲೇ ಮೀನು ಹಿಡಿದಿತ್ತಂತೆ.

"ಹಾಗಾದ್ರೆ ನೈಟ್ ಒಳ್ಳೇದು ಅಂತ ಇದು ಹೇಳಲಿಲ್ವಾ?"

"ಏನೂ ಹೇಳಿಲ್ಲ. ಇನ್ನೊಮ್ಮೆ ನೋಡೋಣ. ಟೈಪ್ ಮಾಡಿದ್ದು ಬಿಡಿ ಅಂಕಲ್, ಗಡಿಯಾರದಲ್ಲಿ ಇಡೀ ಫೈಲ್ ಇರುತ್ತೆ. ನಿಮಿಷ ನಿಮಿಷದ್ದೂ ಇರುತ್ತೆ. ಅದನ್ನೇ ಹಾಕೋಣ."

ಫೋನಿನಿಂದ ಆ ಫೈಲನ್ನು ಇಳಿಸಿ, ದಿನಾಂಕ ಸಮೇತ ಜೋಡಿಸಿ ಮುಗಿಸುವಷ್ಟರಲ್ಲಿ ಹೊರಗೆ ಮಳೆ ಸುರಿದು ನಿಂತಿತ್ತು. ಗಾಜಿನಾಚೆ ಮರಗಳಿಂದ ಆವಿ ಏಳುತ್ತಿತ್ತು. ಮತ್ತೆ ಚಿತ್ರ ಬಂದಾಗ ಸಮುದ್ರ ಹಿಂದೆ ಸರಿದಿತ್ತು. ಹಗಲು ಪಾಳಿಯ ನಿದ್ದೆ ಎಡಬಲದ ತುದಿಗಳಿಗೆ, ರಾತ್ರಿಯ ಜಾಗಕ್ಕೆ, ಹೋಗಿ ಕೂತಿತ್ತು. ಎರಡು ಪಾಳಿಗಳ ನಿದ್ದೆಯ ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ತನಿಯಪ್ಪಣ್ಣನ ಮುಖ ಗೆಲುವಾಯಿತು. ಸಮ ಇದ್ದರೆ ರಾತ್ರಿಗೆ ಒಪ್ಪಬಹುದಲ್ಲ ಎಂದು ಅವರು ಯೋಚಿಸುತ್ತಿರುವುದು ನನಗೆ ಗೊತ್ತಾಗುತ್ತಿತ್ತು.

"ಇದೇನಿದು?" ಎಂದಳು ಹುಯಿ ಶಾನ್.

ರಾತ್ರಿ ಪಾಳಿಯ ವಾರಗಳ ಹಗಲು ನಿದ್ದೆ ಇಟ್ಟಿಗೆಯ ಹಾಗಿರಲಿಲ್ಲ. ಆ ನೀಲಿಯೊಳಗೆ, ಮಧ್ಯಾಹ್ನ ಎರಡರ ಸುಮಾರಿಗೆ, ಸಪೂರ ಬಿಳಿ ಸೀಳು ಇತ್ತು. ಮರುದಿನವೂ ಅಲ್ಲೇ. ಅದರ ಮರುದಿನವೂ. ಸೀಳುಗಳು ಒಂದರ ಕೆಳಗೊಂದು ಕೂಡಿ, ಮೇಲಿನಿಂದ ಕೆಳಗಿನವರೆಗೆ ಬಿಳಿ ಗೆರೆಯಾಗಿ ಇಳಿದಿದ್ದವು.

"ಗಡಿಯಾರ ಕೆಟ್ಟಿರಬೇಕು," ಎಂದೆ ನಾನು.

"ಕೆಟ್ಟಿದ್ದರೆ ದಿನಾ ಅದೇ ಹೊತ್ತಿಗಾ?" ಎಂದಳು ಅವಳು. "ನೋಡು, ಆ ಹೊತ್ತಲ್ಲಿ ಹೆಜ್ಜೆಗಳೂ ದಾಖಲಾಗಿವೆ. ಕೆಲವೇ ಹೆಜ್ಜೆ. ಎದ್ದು ಎಲ್ಲೋ ಹೋಗಿ ನಿಂತು ವಾಪಸ್ ಬಂದ ಹಾಗೆ."

ತನಿಯಪ್ಪಣ್ಣ ಪರದೆಯ ಹತ್ತಿರ ಹೋದರು. ನೇರಳೆ ದೀಪದ ಕೋಣೆಯಲ್ಲಿ ಹೇಗಿರುತ್ತಾರೋ ನಾನು ನೋಡಿಲ್ಲ, ಆದರೆ ಹಾಗೆಯೇ ಇರಬೇಕು ಅನ್ನಿಸಿತು: ಕತ್ತು ಮುಂದಕ್ಕೆ ಚಾಚಿ, ಉಸಿರು ತಡೆದು.

"ನಾನು ಏಳೂದಿಲ್ಲ ಮಧ್ಯ," ಎಂದರು. "ನಾನು ಎದ್ದದ್ದೇ ಇಲ್ಲ."

ಹುಯಿ ಶಾನ್ ಬೆರಳಿನಿಂದ ತೋರಿಸಿದಳು. "ಇಲ್ಲಿ ಗೆರೆ ತುಂಡಾಗಿದೆ. ಶನಿವಾರ, ಭಾನುವಾರ ಇಲ್ಲ. ಮಾರ್ಚ್‌ನಲ್ಲಿ ಒಂದು ವಾರ ಪೂರ್ತಿ ಇಲ್ಲ."

"ಶಾಲೆಗೆ ರಜೆ," ಎಂದೆ. ಮಾತು ಬಾಯಿಂದ ಬಂದ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಯಶ್ಮಿತಾ ಶಾಲೆಯಿಂದ ಮನೆಗೆ ಬರುವ ಹೊತ್ತು ಅದು. ವಿನೋದಕ್ಕ ಶಿಶುವಿಹಾರವೊಂದರಲ್ಲಿ ಕೆಲಸ ಮಾಡುತ್ತಿದ್ದರು, ಮೂರರ ನಂತರವೇ ಬರುವುದು. ಹುಡುಗಿ ತನ್ನದೇ ಕೀಲಿಯಿಂದ ಬಾಗಿಲು ತೆಗೆದು, ಮುಚ್ಚಿಟ್ಟ ಊಟವನ್ನು ಒಬ್ಬಳೇ ಬಡಿಸಿಕೊಂಡು ತಿನ್ನುತ್ತಿದ್ದಳು.

ವಾಪಸ್ ಬರುವಾಗ ಎಂಆರ್‌ಟಿಯಲ್ಲಿ ತನಿಯಪ್ಪಣ್ಣ ಒಂದೇ ಒಂದು ಮಾತಾಡಿದರು. "ಅವಳ ಸದ್ದಿಗೆ ಎಚ್ಚರ ಆಗ್ತಾ ಇರಬೇಕು." ಆಮೇಲೆ ಕಿಟಕಿಯ ಗಾಜಿನಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಕೂತರು. ರೈಲು ಸುರಂಗದಿಂದ ಮೇಲೆ ಬಂದು, ಮುಖ ಕರಗಿ, ಅದರ ಜಾಗದಲ್ಲಿ ಬ್ಲಾಕುಗಳೂ ಮಳೆಮರಗಳೂ ಹರಿದವು.

ಮನೆಯಲ್ಲಿ ವಿನೋದಕ್ಕ ಬಟ್ಟೆ ಮಡಚುತ್ತಿದ್ದರು. ಯಶ್ಮಿತಾ ನೆಲದ ಮೇಲೆ ಮಲಗಿ ಬಣ್ಣ ಹಚ್ಚುತ್ತಿದ್ದಳು. ತನಿಯಪ್ಪಣ್ಣ ಅವಳ ಪಕ್ಕದಲ್ಲಿ ಕೂತರು.

"ಮಗಾ, ಪಪ್ಪ ಮಲಗಿರುವಾಗ ನೀನು ಶಾಲೆಯಿಂದ ಬಂದು ಸೌಂಡ್ ಮಾಡ್ತೀಯಾ? ಬೈಯೂದಿಲ್ಲ, ಹೇಳು."

"ನೋ ಲಾ," ಎಂದಳು ತಲೆಯೆತ್ತದೆ. "ಲಿಫ್ಟ್ ಹತ್ರಾನೇ ಶೂ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಬರ್ತೀನಿ. ಫ್ಯಾನ್ ಕೂಡ ಒಂದರಲ್ಲೇ ಇಡೋದು."

"ಮತ್ತೆ ನನಗೆ ಎಚ್ಚರ ಹೇಗೆ ಆಗ್ತದೆ?"

"ಎಚ್ಚರ ಆಗಲ್ಲ. ನೀವು ನಿದ್ದೇಲೇ ಬರ್ತೀರಲ್ಲ."

ವಿನೋದಕ್ಕನ ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು. "ಎಲ್ಲಿಗೆ ಬರ್ತಾರೆ?"

"ಡೋರ್ ಹತ್ರ. ಎವ್ರಿ ಡೇ. ನಾನು ತಿಂತಾ ಇರುವಾಗ ಬೆಡ್‌ರೂಮ್ ಡೋರ್ ಓಪನ್ ಆಗುತ್ತೆ, ಪಪ್ಪ ಬಂದು ನಿಂತ್ಕೋತಾರೆ. ಘೋಸ್ಟ್ ತರ." ಅವಳು ಎದ್ದು ನಿಂತು, ಕೈಗಳನ್ನು ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ತೋರಿಸಿದಳು. "ಆಮೇಲೆ ಹೋಗಿಬಿಡ್ತಾರೆ."

"ನೀನು ತಿರುಗಿ ನೋಡಲ್ವಾ?" ಎಂದು ಕೇಳಿದೆ ನಾನು.

"ಟಿವಿಯಲ್ಲಿ ಕಾಣುತ್ತಲ್ಲ. ಆಫ್ ಇರೋವಾಗ ಮಿರರ್ ತರ."

ಊಟದ ಮೇಜಿನ ಎದುರಿಗೆ ಟಿವಿ ಇತ್ತು. ಕೂತವಳ ಬೆನ್ನು ಮಲಗುವ ಕೋಣೆಯ ಬಾಗಿಲಿಗೆ. ಆ ಬಾಗಿಲಿಗೆ ವಿನೋದಕ್ಕ ದಪ್ಪನೆಯ ನೀಲಿ ಪರದೆ ಹಾಕಿದ್ದರು, ಕಿಟಕಿಗೂ ಅದೇ ಬಟ್ಟೆ. ಹಗಲಿನ ಬೆಳಕು ಆ ಮನೆಯೊಳಗೆ ನೀಲಿಯಾಗಿಯೇ ಬರುತ್ತಿತ್ತು. ಇಷ್ಟು ದಿನ ಅದೇ ಮನೆಯಲ್ಲಿದ್ದೂ ನಾನು ಅದನ್ನು ಆ ಕನಸಿನ ಜೊತೆ ಜೋಡಿಸಿರಲಿಲ್ಲ.

ತನಿಯಪ್ಪಣ್ಣ ಬಹಳ ಮೆಲ್ಲಗೆ ಕೇಳಿದರು. "ಮತ್ತೆ ನನ್ನನ್ನು ಯಾಕೆ ಮಾತಾಡಿಸಲಿಲ್ಲ?"

ಯಶ್ಮಿತಾಳಿಗೆ ಆ ಪ್ರಶ್ನೆಯೇ ಪೆದ್ದುಪೆದ್ದಾಗಿ ಕಂಡಿರಬೇಕು. ಅಮ್ಮನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಬೂಟು ವಾಲ್ ಕಡೆ ಇತ್ತಲ್ಲ ಪಪ್ಪ. ವಾಲ್ ಕಡೆ ಇದ್ರೆ ನೀವು ಮಲಗಿದ್ದೀರಿ. ರೂಲ್ ಅದೇ ಅಲ್ವಾ?"

ವಿನೋದಕ್ಕ ತುಳುವಿನಲ್ಲಿ ಏನೋ ಅಂದುಕೊಂಡು ಅಡುಗೆಮನೆಗೆ ಹೋದರು. ತನಿಯಪ್ಪಣ್ಣ ಮಗಳ ಪಾದವನ್ನು ಕೈಯಲ್ಲಿ ಹಿಡಿದು, ಜಾರಿದ್ದ ಸಾಕ್ಸನ್ನು ಮೇಲೆಳೆದರು. ಅವಳು ಕಾಲು ಬಿಡಿಸಿಕೊಂಡು ಮತ್ತೆ ಬಣ್ಣ ಹಚ್ಚಲು ಕೂತಳು.

ಭಾನುವಾರವೆಲ್ಲ ಅವರು ಬಾಲ್ಕನಿಯಲ್ಲಿದ್ದರು. ಸಂಜೆ ನಾನು ಟೀ ಕೊಟ್ಟಾಗ ಹೇಳಿದರು: "ಕನಸಲ್ಲಿ ಕರೀಲಿಕ್ಕೆ ಆಗೂದಿಲ್ಲ ಅಂತ ಬೇಜಾರಿತ್ತು. ಎದ್ದೇ ಇದ್ದೆ ಅಂದ್ರೆ? ಮೂರು ವರ್ಷ ಹಾಗೇ ನಿಂತು ನೋಡೂದಾ? ಆಗ ಅವಳಿಗೆ ಹನ್ನೆರಡು. ಬೆನ್ನು ಕೂಡ ಬೇರೆ ಆಗಿರ್ತದೆ."

ಸೋಮವಾರ ಅವರು ಆಗುವುದಿಲ್ಲ ಎಂದು ಹೇಳಿ ಬಂದರು. ಆ ಜಾಗ ಪ್ರತಾಪ್ ಎಂಬುವನಿಗೆ ಹೋಯಿತು. ಅವನಿಗೆ ಬಿರುಕು ನೋಡಲು ಕಲಿಸಿದವರು ಇವರೇ. ಕೆಲವು ದಿನ ಊಟದ ಹೊತ್ತಿಗೆ ಆ ನೇರಳೆ ಕೋಣೆಯ ಮಾತು ಬಂದರೆ ಅನ್ನವನ್ನು ಸುಮ್ಮನೆ ಕಲಸುತ್ತಾ ಇರುವರು. ವಿನೋದಕ್ಕ ಆಗ ಬೇರೆ ಮಾತು ತೆಗೆಯುವರು.

ಪಾಳಿ ಮೊದಲಿನಂತೆ ಅದಲುಬದಲಾಗುತ್ತಾ ಹೋಯಿತು. ಮುಂದಿನ ರಾತ್ರಿ ವಾರಗಳು ಬರುವ ಮುಂಚಿನ ಶನಿವಾರ ತನಿಯಪ್ಪಣ್ಣ ನನ್ನ ಜೊತೆ ಮತ್ತೆ ಗುಂಪಿಗೆ ಬಂದರು. ಯಾರೂ ಹೇಳದೆಯೇ ಹಾಳೆ ತೆಗೆದುಕೊಂಡು ಬರಲಿರುವ ತಿಂಗಳ ನಿದ್ದೆಯನ್ನು ಬಿಡಿಸಿದರು. ಈ ಸಲ ಇಟ್ಟಿಗೆಯನ್ನು ಎರಡು ತುಂಡು ಮಾಡಿ ನಡುವೆ ಖಾಲಿ ಜಾಗ ಬಿಟ್ಟಿದ್ದರು. ಗೆರೆಯಷ್ಟಲ್ಲ, ಒಂದು ಊಟ ಮುಗಿಯುವಷ್ಟು ಅಗಲ.

"ಇಷ್ಟು ದೊಡ್ಡ ಗ್ಯಾಪಾ ಅಂಕಲ್?" ಎಂದಳು ಹುಯಿ ಶಾನ್.

"ಅವಳು ತಿನ್ನೂದು ನಿಧಾನ," ಎಂದರು.

ಒಂದು ಮಧ್ಯಾಹ್ನ ನನಗೆ ಮೈ ಬಿಸಿಯಾಗಿ ಬೇಗ ಮನೆಗೆ ಬಂದೆ. ಲಿಫ್ಟಿನ ಬಾಗಿಲು ತೆರೆದಾಗ ಮುಂದೆ ಯಶ್ಮಿತಾ ಹೋಗುತ್ತಿದ್ದಳು, ಶೂ ಕಾಲಿನಲ್ಲೇ ಇತ್ತು, ಬ್ಯಾಗು ಬೆನ್ನಿನ ಮೇಲೆ ಕುಣಿಯುತ್ತಿತ್ತು. ನಾನು ಹಿಂದೆ ಇರುವುದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಅಪ್ಪನ ಬೂಟುಗಳು ಗೋಡೆ ನೋಡುತ್ತಿದ್ದವು. ಅವಳು ಬಗ್ಗಿ, ಎರಡು ಕೈಯಲ್ಲೂ ಎತ್ತಿ, ಒಂದೊಂದಾಗಿ ಅವುಗಳನ್ನು ಲಿಫ್ಟಿನ ಕಡೆ ತಿರುಗಿಸಿದಳು. ಆಮೇಲೆ ಕೀಲಿ ಹಾಕಿ ಒಳಗೆ ಹೋಗಿ, ಪಪ್ಪ ಎಂದು ಜೋರಾಗಿ ಕರೆದಳು.